ಕೆರೆ ಸಮಿತಿಯಲ್ಲಿ ತೆಪ್ಪದವರೂ ಇರಬೇಕು

(ಬಡಾವಣೆ ನಿವಾಸಿಗಳ ಗುಂಪು, ದಾವಣಗೆರೆ)

ಒಂದನೇ ಕ್ರಾಸ್, ಏರಿ ಪಕ್ಕದ ಮನೆ: ರಾತ್ರಿ ಮಳೆ ಬಂದ ಮೇಲೆ ಕೆರೇಲಿ ಮೀನು ಸತ್ತು ತೇಲ್ತಿವೆ. ಕಿಟಕಿ ತೆಗೆಯೋ ಹಾಗಿಲ್ಲ. ಮೀನು ಸಾಕೋದನ್ನೇ ನಿಲ್ಲಿಸಿ ಅಂತ ಅರ್ಜಿ ಬರೆದಿದೀನಿ, ಸಹಿ ಹಾಕಿ.

ನಾಲ್ಕನೇ ಕ್ರಾಸ್: ಅಕ್ಕಾ, ಸ್ವಲ್ಪ ತಡೀರಿ. ಸತ್ತಿರೋದು ಹೆಚ್ಚಾಗಿ ದೊಡ್ಡ ಕಾಟ್ಲಾ. ಬೆರಳುದ್ದದ ಮರಿಗಳು ಇನ್ನೂ ಓಡಾಡ್ತಿವೆ. ವಿಷ ಬಿದ್ದಿದ್ರೆ ಮರಿಗಳೂ ಉಳೀತಿರಲಿಲ್ಲ. ದೊಡ್ಡವು ಮೊದಲು ಸತ್ರೆ ಸಾಮಾನ್ಯವಾಗಿ ಆಮ್ಲಜನಕದ ಕೊರತೆ. ಬೇಸಿಗೆಯೆಲ್ಲ ಚರಂಡೀಲಿ ಕೂತಿದ್ದ ಹೂಳು ಮೊದಲ ಮಳೆಗೆ ಒಟ್ಟಿಗೇ ಕೆರೆಗೆ ಇಳಿಯುತ್ತೆ, ಕೊಳೀತಾ ನೀರಿನ ಆಮ್ಲಜನಕ ಎಳ್ಕೊಳ್ಳುತ್ತೆ. ಮೋಡ ಮುಚ್ಚಿದ ದಿನ ಪಾಚಿ ಕೊಡೋದೂ ಕಡಿಮೆ, ರಾತ್ರಿ ಅದೂ ಉಸಿರಾಡುತ್ತೆ. ಲೀಟರಿಗೆ 5 ಮಿಲಿಗ್ರಾಂ ಇದ್ರೆ ಮೀನು ಆರಾಮ. 3ಕ್ಕಿಂತ ಇಳಿದ್ರೆ ಮೇಲೆ ಬಂದು ಬಾಯಿ ಬಿಡ್ತವೆ. ಸೂಳೆಕೆರೆಯಂಥ ಅಗಲದ ನೀರಲ್ಲಿ ಗಾಳಿಗೆ ಅಲೆ ಎದ್ದು ಒಂದಿಷ್ಟು ಸರಿಹೋಗುತ್ತೆ, ನಮ್ಮ ಸಣ್ಣ ಕೆರೆಗೆ ಆ ಅನುಕೂಲ ಇಲ್ಲ.

ಎರಡನೇ ಕ್ರಾಸ್: ಹೋದ ಸಲ ನೀರು ಪರೀಕ್ಷೆ ಮಾಡಿ ಸರಿ ಇದೆ ಅಂದಿದ್ರಲ್ಲ?

ನಾಲ್ಕನೇ ಕ್ರಾಸ್: ಮಾಡಿದ್ದು ಮಧ್ಯಾಹ್ನ ಸರ್. ಬಿಸಿಲೇರಿದ ಮೇಲೆ ಸರಿಯಾಗೇ ಕಾಣುತ್ತೆ. ಕಡಿಮೆ ಇರೋದು ಬೆಳಗಿನ ಜಾವ, 5ರಿಂದ 6ರ ಹೊತ್ತು. ಆಗ ಕೆರೆ ಮೇಲೆ ಇರೋರು ತೆಪ್ಪದವರು ಮಾತ್ರ. ನೀರು ಕೆಟ್ಟಿದ್ದು ಮೊದಲು ಗೊತ್ತಾಗೋದು ಅವರಿಗೆ. ಸಮಿತೀಲಿ ಅವರೊಬ್ಬರೂ ಇಲ್ಲ, ಇದು ನಂಗೆ ತುಂಬಾ ಬೇಜಾರಿನ ವಿಷಯ.

ಕಾರ್ಯದರ್ಶಿ: ಕರೆದ್ವಿ, ಬರಲಿಲ್ಲ.

ಐದನೇ ಕ್ರಾಸ್: ಬೆಳಗ್ಗೆ 8ಕ್ಕೆ ಕರೆದ್ರೆ ಹೇಗೆ ಬರ್ತಾರೆ ಸರ್? ಬಲೆಯಿಂದ ಮೀನು ಬಿಡಿಸಿ ಮಾರ್ಕೆಟ್ಟಿಗೆ ಕಳಿಸೋ ಹೊತ್ತು ಅದು. ರಾತ್ರಿ 7ಕ್ಕೆ ಇಡಿ. ಅವರ ಸಹಕಾರ ಸಂಘದ ಅಧ್ಯಕ್ಷರೊಬ್ಬರೇ ಬಂದ್ರೆ ಸಾಲದು. ತೆಪ್ಪ ಹಾಕೋರು ಇಬ್ಬರು, ಮೀನು ಮಾರೋ ಹೆಣ್ಣುಮಕ್ಕಳು ಇಬ್ಬರು ಬೇಕು. 'ಮೀನು ಮಣ್ಣು ವಾಸನೆ' ಅಂತ ಗಿರಾಕಿ ಜಗಳಕ್ಕೆ ಬರೋದು ಆ ಹೆಣ್ಣುಮಕ್ಕಳ ಹತ್ರ, ಆ ವಾಸನೆ ಎಷ್ಟೋ ಸಲ ನೀಲಿ-ಹಸಿರು ಪಾಚಿ ಹೆಚ್ಚಿದ್ದರ ಗುರುತು. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2014ರಲ್ಲಿ ಒಪ್ಪಿದ ಸಣ್ಣ ಮೀನುಗಾರರ ಮಾರ್ಗಸೂಚೀಲೂ ಇದೇ ಇದೆ: ತೀರ್ಮಾನಕ್ಕೆ ಮುಂಚೆಯೇ ಕೇಳಬೇಕು, ಹೆಂಗಸರನ್ನೂ ಸೇರಿಸಬೇಕು. ಒಳನಾಡಿಗೂ ಅದು ಅನ್ವಯ.

ಎರಡನೇ ಕ್ರಾಸ್: ಏನೇನು ಕೇಳಬೇಕು?

ನಾಲ್ಕನೇ ಕ್ರಾಸ್: ಮುಖ್ಯವಾಗಿ ತೂಬು. ಗದ್ದೆಗೆ ಎಷ್ಟು ನೀರು ಬಿಡೋದು, ತೂಬಿನ ಹತ್ರ ಎಷ್ಟು ಅಡಿ ಉಳಿಸೋದು ಅಂತ ರೈತರೂ ಅವರೂ ಒಟ್ಟಿಗೆ ಕೂತು ಗುರುತಿನ ಕಲ್ಲು ನೆಡಬೇಕು. ನೀರು ತೀರಾ ಇಳಿದ್ರೆ ಬಿಸಿಯಾಗುತ್ತೆ, ಬಿಸಿ ನೀರಲ್ಲಿ ಆಮ್ಲಜನಕ ನಿಲ್ಲಲ್ಲ. ಆಮೇಲೆ ಮೀನು ಮರಿ ಬಿತ್ತನೆ. ತೀರಾ ಸಣ್ಣ ಮರಿ ಬಿಟ್ರೆ ಕೊರವ ಮೀನು ನುಂಗುತ್ತೆ, 8-10 ಸೆಂಟಿಮೀಟರ್ ಆದ ಮರಿ ಬಿಡಬೇಕು. ಮೀನು ಹಿಡಿಯೋ ಗುತ್ತಿಗೆ ಒಂದೇ ವರ್ಷದ್ದಾದ್ರೆ ಯಾರೂ ಅಷ್ಟು ದುಡ್ಡು ಹಾಕಲ್ಲ, ಕೊನೇಲಿ ಸಣ್ಣ ಕಣ್ಣಿನ ಬಲೆ ಎಳೆದು ಮರಿಗಳನ್ನೂ ಬಳ್ಕೊಂಡು ಹೋಗ್ತಾರೆ.

ಒಂದನೇ ಕ್ರಾಸ್, ಏರಿ ಪಕ್ಕದ ಮನೆ: ಸರಿ, ಅರ್ಜಿ ತಿದ್ದುತೀನಿ. ಮಳೆಗಾಲಕ್ಕೆ ಮುಂಚೆ ಚರಂಡಿ ಹೂಳು ತೆಗೀಬೇಕು, ಸಮಿತೀಲಿ ಮೀನುಗಾರರಿಗೆ ನಾಲ್ಕು ಜಾಗ. ಈ ಸತ್ತ ಮೀನು ಏನು ಮಾಡೋದು?

ಐದನೇ ಕ್ರಾಸ್: ಇವತ್ತೇ ತೆಗೆಸಬೇಕು ಅಕ್ಕಾ, ಕೊಳೆತ್ರೆ ಇನ್ನಷ್ಟು ಸಾಯ್ತವೆ. ತಿನ್ನೋದಕ್ಕೆ ಯಾರೂ ಒಯ್ಯಬಾರದು. ಕೆರೆ ಅಂಗಳದಿಂದ ದೂರ 4 ಅಡಿ ಗುಂಡಿ, ಮೀನಿನ ಮೇಲೆ ಸುಣ್ಣ, ಅದರ ಮೇಲೆ 2 ಅಡಿ ಮಣ್ಣು. ತೆಪ್ಪದವರನ್ನ ಕರೀತೀನಿ, ದಿನದ ಕೂಲಿ ನಮ್ಮ ಬಡಾವಣೆ ಸಂಘದಿಂದ ಕೊಡಬೇಕು ಕಾರ್ಯದರ್ಶಿ ಸರ್.

ಕಾರ್ಯದರ್ಶಿ: ಕೊಡೋಣ. ಸುಣ್ಣ ಎಷ್ಟು ಚೀಲ ಬೇಕು ಹೇಳಿ.