ಕ್ಯಾರವಾನ್ ಬಾಗಿಲಿನ ಹಿಂಜ್ ಬಿಗಿಯಾಗಿದೆ, ಏನು ಮಾಡಲಿ?

ನಾವಿರುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಹೋದ ವರ್ಷ ಹಳೆಯದೊಂದು ಕ್ಯಾರವಾನ್ (ಕಾರಿನ ಹಿಂದೆ ಕಟ್ಟಿ ಎಳೆಯುವ ಗಾಲಿಮನೆ) ಕೊಂಡೆವು. ಚಳಿಗಾಲವಿಡೀ ವೇಲ್ಸ್ ಕಡಲತೀರದಲ್ಲಿ ನಿಂತಿತ್ತು. ಈಗ ಬಾಗಿಲು ಅರ್ಧಕ್ಕೇ ನಿಲ್ಲುತ್ತದೆ. ಜೋರಾಗಿ ಎಳೆದರೆ ಪಕ್ಕದ ತಗಡೇ ಅಲುಗುತ್ತದೆ. ಊರಿನ ಅಭ್ಯಾಸದಂತೆ ಕೊಬ್ಬರಿ ಎಣ್ಣೆ ಬಿಟ್ಟೆ, ಇನ್ನೂ ಬಿಗಿಯಾಯಿತು. ಅನುಭವ ಇದ್ದವರು ತಿಳಿಸಿ.

ಉತ್ತರ 1

ಮೇಡಂ, ದಯವಿಟ್ಟು ಮೊದಲು ಎಳೆಯುವುದನ್ನು ನಿಲ್ಲಿಸಿ. ಇದು ನಮ್ಮೂರ ತೇಗದ ಬಾಗಿಲಲ್ಲ. ಹೊರಗೆ ತೆಳು ಅಲ್ಯೂಮಿನಿಯಂ ತಗಡು, ಅದರ ಹಿಂದೆ ಸಣ್ಣ ಮರದ ರೀಪು. ಸ್ಕ್ರೂ ಹಿಡಿದಿರುವುದು ಆ ರೀಪನ್ನೇ. ಮೂರು ವರ್ಷದ ಹಿಂದೆ ನಾನು ಭುಜ ಕೊಟ್ಟು ತಳ್ಳಿದ್ದೆ. ಕೆಳಗಿನ ಹಿಂಜಿನ ಎರಡು ಸ್ಕ್ರೂ ಕಿತ್ತು ಬಂದವು. ಆ ತೂತಿನಿಂದ ಮಳೆನೀರು ಇಳಿದು ಒಳಗಿನ ಮರ ಮೆತ್ತಗಾಯಿತು. ಬೇಸಿಗೆಯೆಲ್ಲ ಅದರ ರಿಪೇರಿಗೇ ಹೋಯಿತು.

ಹಿಂಜಿನ ಸಂದಿಯಲ್ಲಿ ಬಿಳಿ ಪುಡಿ ಇದೆಯಾ ನೋಡಿ. ಹಿಂಜ್ ಅಲ್ಯೂಮಿನಿಯಂನದು, ಪಿನ್ ಸ್ಟೀಲಿನದು ಆಗಿದ್ದು ನಡುವೆ ಉಪ್ಪುನೀರು ಸೇರಿದರೆ, ಅಲ್ಯೂಮಿನಿಯಂ ಸವೆದು ಬಿಳಿ ಪುಡಿಯಾಗುತ್ತದೆ. ಆ ಪುಡಿ ಪಿನ್ನನ್ನು ಬಿಗಿಯಾಗಿ ಹಿಡಿದುಬಿಡುತ್ತದೆ. ಕಡಲ ಗಾಳಿಯಲ್ಲಿ ಇದು ಜಾಸ್ತಿ.

ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ತಣ್ಣಗಾದರೆ ಗಟ್ಟಿಯಾಗುತ್ತದೆ, ಅಲ್ವಾ? ಆ ಚಳಿಯಲ್ಲಿ ಅದು ಮೇಣದ ಹಾಗೆ ಕೂತಿರುತ್ತದೆ. ಬೆಚ್ಚಗಿನ ಸೋಪಿನ ನೀರು, ಹಳೆಯ ಟೂತ್‌ಬ್ರಷ್ ಹಿಡಿದು ಮೊದಲು ಅದನ್ನು ತೆಗೆಯಿರಿ.

ಆಮೇಲೆ ತುಕ್ಕು ಬಿಡಿಸುವ ಎಣ್ಣೆ. ಕಿಟಕಿಗೆ ಬಟ್ಟೆ ಮುಚ್ಚಿಕೊಳ್ಳಿ. ಕ್ಯಾರವಾನ್ ಕಿಟಕಿ ಸಾಮಾನ್ಯವಾಗಿ ಗಾಜಲ್ಲ, ಅಕ್ರಿಲಿಕ್ ಪ್ಲಾಸ್ಟಿಕ್. ಇಂಥ ಸ್ಪ್ರೇ ತಾಗಿದರೆ ಕೂದಲೆಳೆಯಂಥ ಬಿರುಕು ಬರಬಹುದು. ಪಿನ್ನಿನ ಮೇಲ್ತುದಿಯಲ್ಲಿ ನಾಲ್ಕು ಹನಿ ಬಿಟ್ಟು ರಾತ್ರಿಯಿಡೀ ಬಿಡಿ. ಬೆಳಿಗ್ಗೆ ಬಿಸಿನೀರಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಹಿಂಜಿಗೆ ಸುತ್ತಿ. ಬಿಸಿಗೆ ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಡಿಮೆ ಎರಡರಷ್ಟು ಹಿಗ್ಗುತ್ತದೆ, ಹಿಡಿತ ಸ್ವಲ್ಪ ಸಡಿಲವಾಗುತ್ತದೆ. ಬೆಂಕಿ ಮಾತ್ರ ತೋರಿಸಲೇಬೇಡಿ, ಒಳಗೆ ಫೋಮ್ ಇರುತ್ತದೆ. ಬಾಗಿಲನ್ನು ಎರಡೇ ಇಂಚು ಆಚೆ ಈಚೆ ಆಡಿಸಿ. ಬೂದು ಬಣ್ಣದ ಕೊಳೆ ಹೊರಬರುತ್ತದೆ, ಒರೆಸಿ. ಮೂರು ನಾಲ್ಕು ದಿನ ಹೀಗೇ ಮಾಡಿ.

ಪೂರ್ತಿ ಬಿಟ್ಟ ಮೇಲೆ ಸಿಲಿಕೋನ್ ಇಲ್ಲವೇ ಪಿಟಿಎಫ್‌ಇ (ಟೆಫ್ಲಾನ್) ಸ್ಪ್ರೇ ಹೊಡೆಯಿರಿ. ಡಬ್ಲ್ಯೂಡಿ-40 ಅನ್ನುವ ಸ್ಪ್ರೇಯ ಮಾಮೂಲಿ ಡಬ್ಬ ನೀರು ಓಡಿಸಲು ಒಳ್ಳೆಯದು, ಅದರ ಜಾರಿಕೆ ಬಹಳ ದಿನ ಉಳಿಯುವುದಿಲ್ಲ. ದಪ್ಪ ಗ್ರೀಸ್ ಬೇಡ, ಮರಳು ಅಂಟುತ್ತದೆ.

ಉತ್ತರ 2

ನಮ್ಮದರಲ್ಲಿ ಹಿಂಜಿನ ತಪ್ಪೇ ಇರಲಿಲ್ಲ. ಇಳಿಜಾರಿನಲ್ಲಿ ನಿಲ್ಲಿಸಿ, ನಾಲ್ಕು ಮೂಲೆಯ ಕಾಲುಗಳನ್ನೇ ತಿರುಗಿಸಿ ಮಟ್ಟ ಮಾಡಿದ್ದೆವು. ಆ ಕಾಲು ಇರುವುದು ಅಲುಗಾಡದಂತೆ ಹಿಡಿಯಲು, ಗಾಡಿ ಎತ್ತಲು ಅಲ್ಲ. ಗಾಡಿಯ ಮೈ ತಿರುಚಿ ಬಾಗಿಲು ಸಿಕ್ಕಿಕೊಂಡಿತ್ತು. ಸುಮ್ನೆ ಹಿಡಿಕೆಯ ಕಡೆ ಬಾಗಿಲನ್ನು ಸ್ವಲ್ಪ ಮೇಲೆತ್ತಿ ತಿರುಗಿಸಿ ನೋಡಿ. ಹಗುರಾಗಿ ತಿರುಗಿದರೆ ಬಾಗಿಲು ಜೋತಿದೆ ಅಂತ ಅರ್ಥ. ಸ್ಕ್ರೂ ನೋಡಬೇಕು.

ಕೇಳಿದವರಿಂದ

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಬಿಳಿ ಪುಡಿ ಇತ್ತು. ಬಿಸಿ ಬಟ್ಟೆ ಸುತ್ತಿದ ಮೂರನೇ ದಿನ ಮೇಲಿನ ಹಿಂಜ್ ಪೂರ್ತಿ ಬಿಟ್ಟಿತು. ಕೆಳಗಿನದು ಇನ್ನೂ ಸ್ವಲ್ಪ ಹಿಡಿಯುತ್ತಿದೆ. ಇವತ್ತು ರಾತ್ರಿ ಮತ್ತೆ ನಾಲ್ಕು ಹನಿ ಬಿಡುತ್ತೇನೆ.