ಕಾರನ್ನು ಲೀಸ್‌ಗೆ ಪಡೆಯುವುದೋ, ಸಾಲ ಮಾಡಿ ಕೊಳ್ಳುವುದೋ? (ಹುಬ್ಬಳ್ಳಿ–ಅಣ್ಣಿಗೇರಿ ನಿತ್ಯದ ಓಡಾಟ)

ಪ್ರಶ್ನೆ: ಕೇಶ್ವಾಪುರದ ಶಿಕ್ಷಕ

ಎಲ್ಲರಿಗೂ ನಮಸ್ಕಾರ. ನಾನು ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ವಾಸವಾಗಿದ್ದೇನೆ. ಅಣ್ಣಿಗೇರಿಯಿಂದ ಒಳದಾರಿಯಲ್ಲಿ ಆರು ಕಿಲೋಮೀಟರ್ ದೂರದ ಹಳ್ಳಿಯೊಂದರ ಪ್ರೌಢಶಾಲೆಯಲ್ಲಿ ಪಾಠ ಮಾಡುತ್ತೇನೆ. ಅಣ್ಣಿಗೇರಿಯವರೆಗೆ ಬಸ್ಸಿಗಾಗಲಿ ರೈಲಿಗಾಗಲಿ ಕೊರತೆಯಿಲ್ಲ; ಆದರೆ ಅಲ್ಲಿಂದ ಮುಂದಿನ ಆರು ಕಿಲೋಮೀಟರಿಗೆ ಬೆಳಿಗ್ಗೆ ಒಂದೇ ಬಸ್ಸು, ಅದು ತಪ್ಪಿದರೆ ಯಾರದಾದರೂ ಬೈಕನ್ನು ಕೈ ಮಾಡಿ ನಿಲ್ಲಿಸಬೇಕು. ಮನೆಯಲ್ಲಿ ತಂದೆಯವರಿಗೆ ಎಪ್ಪತ್ತನಾಲ್ಕು ವರ್ಷ. ಎರಡೂ ಮೊಣಕಾಲು ಸವೆದಿರುವುದರಿಂದ ಅವರಿಂದ ಬಸ್ಸಿನ ಮೆಟ್ಟಿಲು ಹತ್ತಲು ಆಗುವುದಿಲ್ಲ. ಈ ಎರಡು ಕಾರಣಗಳಿಗಾಗಿ ಕಾರು ಬೇಕೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದ್ದೇವೆ.

ಕೈಯಲ್ಲಿ ಉಳಿಸಿದ ಹಣ ಎರಡು ಲಕ್ಷ ರೂಪಾಯಿ. ತಿಂಗಳಿಗೆ ಹದಿನೈದು ಸಾವಿರಕ್ಕಿಂತ ಹೆಚ್ಚು ಕೊಟ್ಟರೆ ಮನೆಯ ಖರ್ಚಿಗೆ ತೊಂದರೆಯಾಗುತ್ತದೆ. ಒಂದು ಸಣ್ಣ ಪೆಟ್ರೋಲ್ ಕಾರಿಗೆ ಶೋರೂಮಿನ ಬೆಲೆ 6.60 ಲಕ್ಷವಿದ್ದು, ರಸ್ತೆ ತೆರಿಗೆ ಮತ್ತು ವಿಮೆ ಸೇರಿ ಎಂಟು ಲಕ್ಷವಾಗುತ್ತದೆ. ಎರಡು ಲಕ್ಷ ಮುಂಗಡ ಕೊಟ್ಟು ಆರು ಲಕ್ಷ ಸಾಲ ಮಾಡಿದರೆ, ಶೇ. 9.5ರ ಬಡ್ಡಿಯಲ್ಲಿ ಐದು ವರ್ಷಕ್ಕೆ ತಿಂಗಳ ಕಂತು 12,600 ರೂಪಾಯಿ. ಇದೇ ಕಾರನ್ನು ಮೂರು ವರ್ಷದ ಲೀಸ್‌ಗೆ ಪಡೆದರೆ, ಜಿಎಸ್‌ಟಿ ಸೇರಿ ತಿಂಗಳಿಗೆ 18,900 ರೂಪಾಯಿ. ವಿಮೆ, ನೋಂದಣಿ, ಸರ್ವಿಸ್ ಎಲ್ಲವೂ ಅದರೊಳಗೇ ಬರುತ್ತವೆ. ಠೇವಣಿ ನಲವತ್ತು ಸಾವಿರ. ವರ್ಷಕ್ಕೆ 15,000 ಕಿಲೋಮೀಟರ್ ಮಿತಿ, ಮೀರಿದರೆ ಕಿಲೋಮೀಟರಿಗೆ ಎಂಟು ರೂಪಾಯಿ.

ಲೀಸ್ ಬಾಡಿಗೆ ನನ್ನ ಮಿತಿಯನ್ನು ಮೀರುತ್ತದೆ ಎಂಬುದು ಗೊತ್ತಿದೆ. ಆದರೂ ಮನಸ್ಸು ಅತ್ತ ಎಳೆಯುವುದಕ್ಕೆ ಕಾರಣ, ಕೈಯಲ್ಲಿರುವ ಎರಡು ಲಕ್ಷ ಹೆಚ್ಚುಕಡಿಮೆ ಹಾಗೆಯೇ ಉಳಿಯುತ್ತದೆ ಎಂಬುದು. ತಂದೆಯವರ ಮೊಣಕಾಲಿನ ಶಸ್ತ್ರಚಿಕಿತ್ಸೆಗೆ ಅದು ಯಾವಾಗ ಬೇಕಾದೀತೋ ಹೇಳಲಾಗದು. ಅನುಭವವಿದ್ದವರು ದಯವಿಟ್ಟು ದಾರಿ ತೋರಿಸಬೇಕು.

ಉತ್ತರ: ಬೆಟಗೇರಿಯ ಸಹಕಾರಿ ಬ್ಯಾಂಕ್ ನೌಕರ

ಗುರುಗಳೇ, 18,900ನ್ನು 12,600ರ ಜೊತೆ ಇಟ್ಟು ನೋಡುವುದೇ ಸರಿಯಲ್ಲ. ಲೀಸಿನ ಬಾಡಿಗೆಯಲ್ಲಿ ವಿಮೆಯೂ ದುರಸ್ತಿಯೂ ಇವೆ, ಕಂತಿನಲ್ಲಿ ಇಲ್ಲ. ಕಂತಿನ ಕೊನೆಗೆ ಕಾರು ನಿಮ್ಮದು, ಬಾಡಿಗೆಯ ಕೊನೆಗೆ ಅಲ್ಲ. ಆದ್ದರಿಂದ ಎರಡನ್ನೂ ಮೂವತ್ತಾರನೆಯ ತಿಂಗಳಿನಲ್ಲಿ ನಿಲ್ಲಿಸಿ ಲೆಕ್ಕ ಹಾಕೋಣ.

ಕೊಂಡರೆ ಮುಂಗಡ ಎರಡು ಲಕ್ಷ, ಮೂವತ್ತಾರು ಕಂತು ಸುಮಾರು 4.54 ಲಕ್ಷ. ಹೊಸ ಕಾರಿಗೆ ಮೂರನೆಯವರ ಹಾನಿಯ ವಿಮೆಯನ್ನು 2018ರ ಸೆಪ್ಟೆಂಬರಿನಿಂದ ಮೂರು ವರ್ಷಕ್ಕೆ ಒಟ್ಟಿಗೇ ಕಟ್ಟಿಸಿಕೊಳ್ಳುತ್ತಾರೆ. ಅದು ಎಂಟು ಲಕ್ಷದಲ್ಲೇ ಸೇರಿದೆ. ಎರಡನೆಯ ಮತ್ತು ಮೂರನೆಯ ವರ್ಷ ಸ್ವಂತ ಹಾನಿಯ ವಿಮೆಯನ್ನು ಮಾತ್ರ ನವೀಕರಿಸಬೇಕು, ಅದಕ್ಕೆ 24,000 ಹಿಡಿಯಿರಿ. ಸರ್ವಿಸ್ ಮತ್ತು ಒಂದು ಸಲ ನಾಲ್ಕೂ ಟೈರ್ ಬದಲಾಯಿಸುವುದಕ್ಕೆ 55,000. ಒಟ್ಟು ಸುಮಾರು 7.33 ಲಕ್ಷ ಕೈಬಿಟ್ಟಿತು. ಆಗ ಬಾಕಿ ಉಳಿದ ಸಾಲ 2.74 ಲಕ್ಷ. ಕಾರಿಗೆ 4.25 ಲಕ್ಷವೇ ಬಂದಿತೆಂದು ಕೈಹಿಡಿದು ಅಂದಾಜು ಮಾಡಿದರೂ ಸಾಲ ತೀರಿಸಿ ಒಂದೂವರೆ ಲಕ್ಷ ಕೈಗೆ ಬರುತ್ತದೆ. ಮೂರು ವರ್ಷ ಕಾರು ಇಟ್ಟುಕೊಂಡ ನಿಜವಾದ ಖರ್ಚು ಸುಮಾರು 5.82 ಲಕ್ಷವಾಯಿತು.

ಲೀಸಿನಲ್ಲಿ ಮೂವತ್ತಾರು ತಿಂಗಳ ಬಾಡಿಗೆ 6.80 ಲಕ್ಷ. ಕೈಯಲ್ಲಿ ಉಳಿಯುವ 1.60 ಲಕ್ಷವನ್ನು ಮುದ್ದತ್ ಠೇವಿನಲ್ಲಿಟ್ಟರೆ ಮೂವತ್ತು ಸಾವಿರದಷ್ಟು ಬಡ್ಡಿ ಬರುತ್ತದೆ, ಅದನ್ನು ಕಳೆಯುವುದೇ ನ್ಯಾಯ. ಇಲ್ಲಿಯವರೆಗೆ ಅಂತರ ಅರವತ್ತೆಪ್ಪತ್ತು ಸಾವಿರ ಮಾತ್ರ. ನಿಶ್ಚಿಂತೆಗಾಗಿ ಅಷ್ಟು ಕೊಡುತ್ತೇನೆ ಎಂದು ಯಾರಾದರೂ ಹೇಳಿದರೆ ನಾನು ಬೇಡವೆನ್ನುವುದಿಲ್ಲ. ಆದರೆ ನಿಮ್ಮ ದಾರಿಯನ್ನು ನೋಡಿ. ಹುಬ್ಬಳ್ಳಿಯಿಂದ ಅಣ್ಣಿಗೇರಿ ಮೂವತ್ತೈದು, ಒಳದಾರಿ ಆರು, ಹೋಗಿ ಬರಲು 82 ಕಿಲೋಮೀಟರ್. ಶಾಲೆಯ ದಿನಗಳನ್ನು 220 ಎಂದು ಹಿಡಿದರೆ ಅದೊಂದೇ ಹದಿನೆಂಟು ಸಾವಿರ. ತಂದೆಯವರ ಆಸ್ಪತ್ರೆ, ಹಬ್ಬ, ಮದುವೆ ಸೇರಿ ವರ್ಷಕ್ಕೆ 21,000. ಮಿತಿ ಮೀರಿದ ಆರು ಸಾವಿರಕ್ಕೆ ಎಂಟು ರೂಪಾಯಿಯಂತೆ ವರ್ಷಕ್ಕೆ 48,000, ಮೂರು ವರ್ಷಕ್ಕೆ 1.44 ಲಕ್ಷ. ಈ ಮೊತ್ತವನ್ನು ತಿಂಗಳ ಬಾಡಿಗೆಯ ಚೀಟಿಯಲ್ಲಿ ಯಾರೂ ಬರೆದು ತೋರಿಸುವುದಿಲ್ಲ. ಕಾರು ಮರಳಿಸುವ ದಿನ ಒಮ್ಮೆಲೇ ಕೇಳುತ್ತಾರೆ.

ನಮ್ಮ ಭಾಗದಲ್ಲಿ ಲಾವಣಿಗೆ, ಅಂದರೆ ಗುತ್ತಿಗೆಗೆ, ಹಿಡಿದ ಹೊಲಕ್ಕೆ ಎಷ್ಟೇ ಗೊಬ್ಬರ ಹಾಕಿದರೂ ಮುದ್ದತ್ತು ಮುಗಿದ ಮೇಲೆ ಅದು ಒಡೆಯನದೇ ತಾನೇ. ವಿಮೆಯ ನೋ ಕ್ಲೇಮ್ ಬೋನಸ್ಸಿನ ವಿಷಯವೂ ಅಷ್ಟೇ. ಮೂರು ವರ್ಷ ಒಂದು ಕ್ಲೇಮೂ ಇಲ್ಲದೆ ಓಡಿಸಿದ್ದರೆ ಸ್ವಂತ ಹಾನಿಯ ಕಂತಿನಲ್ಲಿ ಶೇ. 35 ರಿಯಾಯಿತಿ ಸಿಗುತ್ತದೆ. ವಿಮೆ ಲೀಸ್ ಸಂಸ್ಥೆಯ ಹೆಸರಿನಲ್ಲಿದ್ದರೆ ಅದು ಆ ಸಂಸ್ಥೆಗೇ ಹೋಗುತ್ತದೆ.

ಉತ್ತರ: ಹಾವೇರಿಯ ಓದುಗ ಮಹಿಳೆ

ನಾನು ಕೆಲಸ ಮಾಡುತ್ತಿದ್ದ ಕಂಪನಿಯ ಮೂಲಕ ಮೂರು ವರ್ಷ ಲೀಸಿನ ಕಾರನ್ನು ಓಡಿಸಿದ್ದೇನೆ, ಆದ್ದರಿಂದ ಅದರ ಒಳ್ಳೆಯದನ್ನೂ ಹೇಳಬೇಕಾಗುತ್ತದೆ. ಆಗ ನನ್ನನ್ನು ಯಾವಾಗ ಬೇಕಾದರೂ ಬೇರೆ ಊರಿಗೆ ವರ್ಗ ಮಾಡಬಹುದಿತ್ತು. ಬಂಕಾಪುರದ ಟೋಲ್ ದಾಟಿ ನಾಲ್ಕು ಪಥದ ಹೆದ್ದಾರಿಯಲ್ಲಿ ವಾರಕ್ಕೆ ಎರಡು ಬಾರಿ ಧಾರವಾಡಕ್ಕೆ ಹೋಗುವುದನ್ನು ಬಿಟ್ಟರೆ ಓಟ ಹೆಚ್ಚಿರಲಿಲ್ಲ. ಬ್ಯಾಟರಿ ಕೈಕೊಟ್ಟಾಗ ಒಂದು ಫೋನಿಗೆ ಜನ ಬಂದರು, ಬಾಡಿಗೆ ಸಂಬಳದಿಂದಲೇ ಕಡಿತವಾಗುತ್ತಿತ್ತು. ನೌಕರರಿಗೆ ಕಂಪನಿಯೇ ಲೀಸ್ ಮಾಡಿಸಿಕೊಟ್ಟರೆ ಆದಾಯ ತೆರಿಗೆಯಲ್ಲಿ ಒಂದಿಷ್ಟು ಅನುಕೂಲವಿದೆ. ನೀವು ಸ್ವಂತ ಸಂಬಳದಿಂದ ನೇರವಾಗಿ ಬಾಡಿಗೆ ಕಟ್ಟಿದರೆ ಆ ಅನುಕೂಲ ಇಲ್ಲ.

ಮರಳಿಸಿದ ದಿನದ ಸಂಗತಿಯನ್ನು ಮಾತ್ರ ನಾನು ಮರೆತಿಲ್ಲ. ಸಂಸ್ಥೆಯ ಹೆಸರು ಇಲ್ಲಿ ಬೇಡ. ಪರಿಶೀಲನೆಗೆ ಬಂದ ಹುಡುಗ ಕಾರನ್ನು ಸುತ್ತು ಹಾಕಿ, ಮೊಬೈಲಿನ ಬೆಳಕು ಬಿಟ್ಟು, ಚಕ್ರದ ಮೇಲಿನ ಕಮಾನಿನೊಳಗೆ ಕೈ ಹಾಕಿದ. ಹಿಂದಿನ ವಾರವಷ್ಟೇ ಗದಗ ಜಿಲ್ಲೆಯ ನಮ್ಮ ತವರಿಗೆ ಹೋಗಿ ಬಂದಿದ್ದೆ. ಒಳಗೆ ಎರೆಮಣ್ಣು ಒಣಗಿ ಇಟ್ಟಿಗೆಯಂತೆ ಕೂತಿತ್ತು. ಅದನ್ನು ಕೆತ್ತಿ ತೆಗೆದಾಗ ಅದರ ಹಿಂದೆ ಪ್ಲಾಸ್ಟಿಕ್ಕಿನ ಹೊದಿಕೆ ಕಿತ್ತುಹೋಗಿದ್ದು ಕಾಣಿಸಿತು. ಕೆಳಗಿನ ಬಂಪರಿಗೆ ಬಂಡಿದಾರಿಯ ಕಲ್ಲು ತಾಗಿದ ಗೀರು, ಹಿಂದಿನ ಸೀಟಿನಲ್ಲಿ ಮಕ್ಕಳು ಚೆಲ್ಲಿದ ಹಾಲಿನ ಕಲೆ. ಒಂದೊಂದಕ್ಕೂ ಒಂದೊಂದು ಮೊತ್ತ ಬರೆದು, ಕೊನೆಗೆ ಠೇವಣಿಯಲ್ಲಿ ಇಪ್ಪತ್ತೆರಡು ಸಾವಿರ ಹಿಡಿದುಕೊಂಡರು. ಕರಾರಿನಲ್ಲಿ ‘ಸಹಜ ಸವೆತ’ ಎಂದಷ್ಟೇ ಬರೆದಿತ್ತು. ಮಳೆಗಾಲದ ಎರೆಭೂಮಿಯ ರಸ್ತೆಯಲ್ಲಿ ಯಾವುದು ಸಹಜ ಎಂದು ತೀರ್ಮಾನಿಸುವವರು ನಾವಾಗಿರಲಿಲ್ಲ.

ಗುರುಗಳೇ, ನಿಮ್ಮ ಒಳದಾರಿಯ ಆರು ಕಿಲೋಮೀಟರ್ ಡಾಂಬರಿನದೋ ಎರೆಮಣ್ಣಿನದೋ ನನಗೆ ಗೊತ್ತಿಲ್ಲ. ಎರೆಮಣ್ಣಿನದಾಗಿದ್ದರೆ ಲೀಸಿನ ಕರಾರಿಗೆ ಸಹಿ ಮಾಡುವ ಮುನ್ನ ಮರಳಿಸುವಾಗಿನ ಹಾನಿಯ ದರಪಟ್ಟಿಯನ್ನು ಲಿಖಿತವಾಗಿ ಕೇಳಿ ಪಡೆಯಿರಿ. ಮಧ್ಯದಲ್ಲಿ ಬಿಟ್ಟರೆ ಎಷ್ಟು ತಿಂಗಳ ಬಾಡಿಗೆ ದಂಡ ಎಂಬುದನ್ನೂ ಕೇಳಿ. ಮನೆಯಲ್ಲಿ ಶಸ್ತ್ರಚಿಕಿತ್ಸೆಯ ಖರ್ಚು ಬಂದು ಬಾಡಿಗೆ ಕಟ್ಟಲಾಗದೆ ಹೋದರೆ ಕಾರನ್ನು ಮಾರಿ ಹೊರಬರುವ ದಾರಿ ಲೀಸಿನಲ್ಲಿ ಇರುವುದಿಲ್ಲ.

ಮತ್ತೆ ಪ್ರಶ್ನೆ: ಕೇಶ್ವಾಪುರದ ಶಿಕ್ಷಕ

ಇಬ್ಬರಿಗೂ ಹೃತ್ಪೂರ್ವಕ ಧನ್ಯವಾದಗಳು. ಒಳದಾರಿಯಲ್ಲಿ ಎರಡು ಕಿಲೋಮೀಟರ್ ಡಾಂಬರು ಕಿತ್ತು ಮಣ್ಣೇ ಉಳಿದಿದೆ. ಮಳೆ ಬಂದರೆ ಅಕ್ಕಾವರು ಹೇಳಿದ ಸ್ಥಿತಿಯೇ. ಹಾಗಾಗಿ ಲೀಸ್ ಬಿಡುವುದೆಂದು ಮನಸ್ಸು ಮಾಡಿದ್ದೇನೆ. ಇನ್ನೊಂದು ಸಂಶಯವಿದೆ. ನಿನ್ನೆ ಒಬ್ಬ ಏಜೆಂಟರು ಸಿಕ್ಕು, ಬ್ಯಾಂಕಿನವರದು ಶೇ. 9.5, ನಾವು ಶೇ. 9ರ ಫ್ಲಾಟ್ ದರದಲ್ಲಿ ಎರಡೇ ದಿನದಲ್ಲಿ ಸಾಲ ಕೊಡಿಸುತ್ತೇವೆ ಎಂದರು. ಇದನ್ನು ನಂಬಬಹುದೇ?

ಉತ್ತರ: ಬೆಟಗೇರಿಯ ಸಹಕಾರಿ ಬ್ಯಾಂಕ್ ನೌಕರ

ಬೇಡ. ಫ್ಲಾಟ್ ಎಂದರೆ ನೀವು ಅಸಲನ್ನು ತೀರಿಸುತ್ತ ಬಂದರೂ ಕೊನೆಯವರೆಗೂ ಪೂರ್ತಿ ಆರು ಲಕ್ಷದ ಮೇಲೆಯೇ ಬಡ್ಡಿ ಹಾಕುವುದು. ವರ್ಷಕ್ಕೆ 54,000ದಂತೆ ಐದು ವರ್ಷಕ್ಕೆ 2.70 ಲಕ್ಷ ಬಡ್ಡಿ, ಕಂತು 14,500. ಬ್ಯಾಂಕಿನ ಶೇ. 9.5 ಇಳಿಯುವ ಬಾಕಿಯ ಮೇಲಿನದು. ಅಲ್ಲಿ ಒಟ್ಟು ಬಡ್ಡಿ 1.56 ಲಕ್ಷ. ಅವರ ಶೇ. 9 ಬ್ಯಾಂಕಿನ ಲೆಕ್ಕಕ್ಕೆ ಬದಲಾಯಿಸಿದರೆ ಶೇ. 15ನ್ನೂ ದಾಟುತ್ತದೆ. ಎರಡು ದಿನ ಬೇಗ ಸಿಗುವುದಕ್ಕೆ 1.14 ಲಕ್ಷ ಕೊಡುವಷ್ಟು ಅವಸರ ನಿಮಗಿಲ್ಲವಲ್ಲ.

ಉತ್ತರ: ಧಾರವಾಡದಿಂದ, ಹಳೆಯ ಕಾರು ಕೊಂಡವನು

ಮೇಲಿನ ಲೆಕ್ಕಗಳೆಲ್ಲ ಸರಿಯಾಗಿವೆ; ಆದರೆ ಪೆಟ್ರೋಲನ್ನು ಯಾರೂ ಹಿಡಿದಿಲ್ಲ. ಲೀಟರಿಗೆ ಹದಿನೆಂಟು ಕಿಲೋಮೀಟರ್ ಬಂದು, ಲೀಟರಿಗೆ ನೂರು ರೂಪಾಯಿ ಎಂದೇ ಇಟ್ಟುಕೊಂಡರೂ ದಿನಕ್ಕೆ 455 ರೂಪಾಯಿ, ತಿಂಗಳಿಗೆ ಇಪ್ಪತ್ತು ದಿನಕ್ಕೆ ಒಂಬತ್ತು ಸಾವಿರದ ಮೇಲೆ. 12,600ರ ಕಂತಿಗೆ ಇದನ್ನು ಕೂಡಿಸಿದರೆ ಇಪ್ಪತ್ತೊಂದು ಸಾವಿರವನ್ನು ದಾಟುತ್ತದೆ. ನೀವೇ ಹಾಕಿಕೊಂಡ ಮಿತಿ ಹದಿನೈದು. ಅಂದರೆ ಹೊಸ ಕಾರು, ಅದನ್ನು ಹೇಗೇ ಪಡೆದರೂ, ನಿತ್ಯದ ಓಡಾಟಕ್ಕೆ ನಿಮ್ಮ ಸಂಬಳಕ್ಕೆ ಭಾರವೇ.

ಸರ್, ನಿಮಗಿರುವುದು ಎರಡು ಬೇರೆ ಬೇರೆ ಅಗತ್ಯಗಳು. ಎರಡನ್ನೂ ಒಂದೇ ವಾಹನದ ಮೇಲೆ ಹೇರಬೇಕಾಗಿಲ್ಲ. ಶಾಲೆಗೆ ಹೋಗುವಾಗ ನಿಮಗೆ ಕೊರತೆ ಇರುವುದು ಕೊನೆಯ ಆರು ಕಿಲೋಮೀಟರಿನದು ಮಾತ್ರ. ಅಣ್ಣಿಗೇರಿಯವರೆಗೆ ರೈಲಿನ ಮಾಸಿಕ ಪಾಸೋ ಬಸ್ಸೋ ಇರಲಿ, ಅಲ್ಲಿ ಪರಿಚಿತರ ಅಂಗಳದಲ್ಲಿ ಒಂದು ಹಳೆಯ ದ್ವಿಚಕ್ರ ವಾಹನವನ್ನು ನಿಲ್ಲಿಸಿಡಿ. ಧಾರವಾಡದಿಂದ ನವಲಗುಂದದ ಕಡೆ ಹೋಗುವ ನನ್ನ ಗೆಳೆಯರಾದ ಶಿಕ್ಷಕರು ಹತ್ತು ವರ್ಷದಿಂದ ಹೀಗೆಯೇ ಮಾಡುತ್ತಿದ್ದಾರೆ. ಕಾರು ಬೇಕಾಗಿರುವುದು ತಂದೆಯವರಿಗೆ, ಮತ್ತು ಮಳೆ ಜೋರಾಗಿ ರೈಲು ತಪ್ಪಿದ ದಿನಗಳಿಗೆ. ಅದಕ್ಕೆ ಒಬ್ಬರೇ ಓಡಿಸಿದ, ಐದಾರು ವರ್ಷದ ಹಳೆಯ ಕಾರು ಸಾಕು. ಮೂರೂವರೆ ಲಕ್ಷದ ಕಾರಿಗೆ ಒಂದು ಲಕ್ಷ ಕೈಯಿಂದ ಹಾಕಿ, ಎರಡೂವರೆ ಲಕ್ಷಕ್ಕೆ ಶೇ. 12ರ ಬಡ್ಡಿಯಲ್ಲಿ ಮೂರು ವರ್ಷದ ಸಾಲ ಮಾಡಿದರೆ ಕಂತು 8,300. ಉಳಿದ ಒಂದು ಲಕ್ಷ ತಂದೆಯವರ ಹೆಸರಿನಲ್ಲೇ ಇರಲಿ. ಹಳೆಯ ಕಾರಿನ ಬಡ್ಡಿ ಹೆಚ್ಚು ಎಂಬುದು ನಿಜ, ಆದರೆ ಅಸಲು ಚಿಕ್ಕದು. ಜೊತೆಗೆ ಕರ್ನಾಟಕದ ಜೀವಾವಧಿ ತೆರಿಗೆಯನ್ನು ಮೊದಲ ಮಾಲೀಕರು ಆಗಲೇ ಕಟ್ಟಿರುತ್ತಾರೆ. ಐದರಿಂದ ಹತ್ತು ಲಕ್ಷದೊಳಗಿನ ಹೊಸ ಕಾರಿಗೆ ಅದು ಶೇ. 14, ಮೇಲೆ ಸೆಸ್.

ಇದೇ ಕಾರಣಕ್ಕೆ ಒಂದು ಎಚ್ಚರಿಕೆಯನ್ನೂ ಹೇಳಬೇಕು. ನಮ್ಮ ಊರುಗಳಿಗೆ ಗೋವಾ, ಮಹಾರಾಷ್ಟ್ರದ ನೋಂದಣಿಯ ಕಾರುಗಳು ಅಗ್ಗದ ಬೆಲೆಗೆ ಬರುತ್ತವೆ. ಅವನ್ನು ಇಲ್ಲಿ ಇಟ್ಟುಕೊಳ್ಳಬೇಕಾದರೆ ಕಾರಿನ ವಯಸ್ಸಿಗೆ ತಕ್ಕಂತೆ ಇಲ್ಲಿಯ ತೆರಿಗೆಯನ್ನು ಕಟ್ಟಲೇಬೇಕು. ಉಳಿತಾಯವೆಲ್ಲ ಅಲ್ಲಿಗೇ ಹೋಗುತ್ತದೆ. ಧಾರವಾಡದ ಕೆಎ 25 ಅಥವಾ ಹುಬ್ಬಳ್ಳಿಯ ಕೆಎ 63 ನೋಂದಣಿಯ ಕಾರನ್ನೇ ಹುಡುಕಿ. ಎಂ–ಪರಿವಾಹನ ಆ್ಯಪಿನಲ್ಲಿ ಸಂಖ್ಯೆ ಹಾಕಿ ವಿಮೆಯ ಅವಧಿ, ದಂಡದ ಬಾಕಿ, ಸಾಲದ ನಮೂದು ನೋಡಿ. ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಇನ್ನೂ ಇದ್ದರೆ ಮಾರುವವರು ಸಾಲ ತೀರಿದ್ದನ್ನು ತಿಳಿಸುವ ನಮೂನೆ 35 ಮತ್ತು ಬ್ಯಾಂಕಿನ ಎನ್‌ಒಸಿ ಕೊಟ್ಟು ಅದನ್ನು ತೆಗೆಸುವವರೆಗೆ ಪೂರ್ತಿ ಹಣ ಕೊಡಬೇಡಿ. ಮಾಲೀಕತ್ವ ವರ್ಗಾವಣೆಯ ನಮೂನೆ 29 ಮತ್ತು 30ಕ್ಕೆ ನಿಮ್ಮೆದುರೇ ಸಹಿಯಾಗಲಿ. ಹೆಸರು ಬದಲಾದ ಹದಿನಾಲ್ಕು ದಿನಗಳೊಳಗೆ ವಿಮೆಯನ್ನೂ ನಿಮ್ಮ ಹೆಸರಿಗೆ ಮಾಡಿಸಲು ಅರ್ಜಿ ಕೊಡಬೇಕು. ನಾನು ಇದನ್ನು ತಡಮಾಡಿ, ಸಣ್ಣದೊಂದು ಅಪಘಾತದ ಸ್ವಂತ ಹಾನಿಗೆ ಒಂದು ಪೈಸೆಯೂ ಸಿಗದೆ ಹದಿನಾರು ಸಾವಿರ ಕೈಯಿಂದ ಕಟ್ಟಿದ್ದೇನೆ.

ಬೆಲೆ ಮಾತಾಡುವಾಗ ಇನ್ನೊಂದು ವಿಷಯ ನೆನಪಿರಲಿ. 2025ರ ಸೆಪ್ಟೆಂಬರ್ 22ರಿಂದ ಸಣ್ಣ ಕಾರುಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕೂ ಮೊದಲಿನ ಹೊಸ ಕಾರಿನ ಬೆಲೆಯನ್ನು ಮುಂದಿಟ್ಟುಕೊಂಡು ಹಳೆಯದರ ಬೆಲೆ ಹೇಳುವವರಿದ್ದಾರೆ. ನೀವು ಈಗಿನ ಶೋರೂಮಿನ ಬೆಲೆಯಿಂದಲೇ ಇಳಿಸುತ್ತ ಬನ್ನಿ.

ಕೇಶ್ವಾಪುರದ ಶಿಕ್ಷಕ

ಸರ್, ಪೆಟ್ರೋಲಿನ ಲೆಕ್ಕವನ್ನು ಕಾಗದದ ಮೇಲೆ ಬರೆದು ಮನೆಯವರಿಗೆ ತೋರಿಸಿದೆ. ನಿತ್ಯ ಕಾರಿನಲ್ಲೇ ಹೋಗುವ ವಿಚಾರವನ್ನು ಎಲ್ಲರೂ ಒಪ್ಪಿ ಕೈಬಿಟ್ಟೆವು. ಅಣ್ಣಿಗೇರಿಯ ಸ್ಟೇಷನ್ ಹತ್ತಿರ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಯೊಬ್ಬರ ಕಿರಾಣಿ ಅಂಗಡಿಯಿದೆ. ಗಾಡಿಯನ್ನು ಹಿತ್ತಲಲ್ಲಿ ನಿಲ್ಲಿಸಿಕೊಳ್ಳಲು ಅವರು ಒಪ್ಪಿದ್ದಾರೆ. ಧಾರವಾಡದ ಸಪ್ತಾಪುರದಲ್ಲಿ ನಿವೃತ್ತ ಸಹೋದ್ಯೋಗಿಯೊಬ್ಬರು 2019ರ ಕಾರನ್ನು ಮಾರುವವರಿದ್ದಾರೆ. ರವಿವಾರ ಮೆಕ್ಯಾನಿಕ್ ಒಬ್ಬರನ್ನು ಕರೆದುಕೊಂಡು ನೋಡಲು ಹೋಗುತ್ತಿದ್ದೇವೆ, ತಂದೆಯವರೂ ಬರುತ್ತಾರೆ. ಅವರು ಮೊಣಕಾಲು ಮಡಚಿ ಮುಂದಿನ ಸೀಟಿನಲ್ಲಿ ಆರಾಮವಾಗಿ ಕೂತು ಇಳಿಯಬಲ್ಲರೋ ಎಂಬುದನ್ನೇ ಮೊದಲು ನೋಡುತ್ತೇವೆ.