ಅಮೆರಿಕದಿಂದ ಖಾಯಂ ವಾಪಸ್: ಆಗಸ್ಟಾ, ಅಕ್ಟೋಬರಾ, ಫೆಬ್ರವರಿಯಾ?

ತುಂಗೆಯಾಚೆ (ಪ್ರಶ್ನೆ):
11 ವರ್ಷದಿಂದ ಅಮೆರಿಕದಲ್ಲಿ ಎಚ್‌-1ಬಿ ಮೇಲೆ ಕೆಲಸ, ಗ್ರೀನ್ ಕಾರ್ಡ್ ಇಲ್ಲ. 2026ರಲ್ಲೇ ಬೆಂಗಳೂರಿಗೆ ಖಾಯಂ ವಾಪಸ್. ಆಗಸ್ಟ್ 1ಕ್ಕೂ ಬರಬಹುದು, ಅಕ್ಟೋಬರ್ ಕೊನೆಗೂ ಬರಬಹುದು. "ಫೆಬ್ರವರಿಗೆ ಮೊದಲು ಬಂದರೆ 60 ದಿನ ದಾಟುತ್ತೆ, ಅಲ್ಲಿನ ಸಂಪಾದನೆಗೆಲ್ಲ ಇಲ್ಲಿ ತೆರಿಗೆ ಬೀಳುತ್ತೆ" ಅಂತ ಹೆದರಿಸುವವರೇ ಎಲ್ಲ. ರಜೆಗೆ ಬಂದಿದ್ದು ವರ್ಷಕ್ಕೆ ಸುಮಾರು ಮೂರು ವಾರ, 2023ರಲ್ಲಿ ಮಾತ್ರ ನಾಲ್ಕು ತಿಂಗಳು ಊರಿಂದಲೇ ಕೆಲಸ. ಈ ಮೇನಲ್ಲಿ 12 ದಿನ ಬಂದುಹೋಗಿದ್ದಾಗಿದೆ. ಷೇರು, 401(ಕೆ) (ಅಲ್ಲಿನ ನಿವೃತ್ತಿ ಖಾತೆ), ಎನ್‌ಆರ್‌ಇ ಎಫ್‌ಡಿ (ಅನಿವಾಸಿಗಳ ರೂಪಾಯಿ ಠೇವಣಿ) ಇವೆ. ಬಂದ ಮೇಲೂ ಕೆಲವು ತಿಂಗಳು ಅಲ್ಲಿನ ಸಂಬಳದಲ್ಲೇ ಇಲ್ಲಿಂದ ಕೆಲಸ ಮಾಡಿ ಅಂತ ಕಂಪನಿ ಹೇಳುತ್ತಿದೆ. ಯಾವಾಗ ಬಂದರೆ ಒಳ್ಳೆಯದು?

ದಿನಗಣತಿ:
60 ದಿನದ ನಿಯಮ ಅರ್ಧ ಮಾತ್ರ ಬಾಯಿಂದ ಬಾಯಿಗೆ ಹರಡಿದೆ. ಆ ವರ್ಷ 60 ದಿನ *ಮತ್ತು* ಅದರ ಹಿಂದಿನ 4 ವರ್ಷಗಳಲ್ಲಿ ಒಟ್ಟು 365 ದಿನ ಇಲ್ಲಿದ್ದರೆ ಮಾತ್ರ ಅದು ತಗಲುತ್ತದೆ. ನಿಮ್ಮ ನಾಲ್ಕು ವರ್ಷದ ಮೊತ್ತ 200ರ ಆಸುಪಾಸು. ಹಾಗಾಗಿ ನಿಮಗೆ ಲೆಕ್ಕ ಒಂದೇ: ಆ ವರ್ಷ 182 ದಿನ ಇಲ್ಲಿದ್ದರೆ ತೆರಿಗೆ ಲೆಕ್ಕಕ್ಕೆ ನಿವಾಸಿ (ರೆಸಿಡೆಂಟ್), ಕಡಿಮೆಯಾದರೆ ಅನಿವಾಸಿ. ಏಪ್ರಿಲ್ 1, 2026ರಿಂದ 2025ರ ಹೊಸ ಆದಾಯ ತೆರಿಗೆ ಕಾಯ್ದೆ ಬಂದು "ತೆರಿಗೆ ವರ್ಷ" ಅನ್ನುವ ಹೆಸರು ಬಂದಿದೆ, ಈ ದಿನಗಳ ಲೆಕ್ಕ ಹಾಗೇ ಇದೆ.

ಅಕ್ಟೋಬರ್ 1ರಿಂದ ಮಾರ್ಚ್ 31ಕ್ಕೆ ಸರಿಯಾಗಿ 182 ದಿನ. ಮೇ ತಿಂಗಳ 12 ದಿನವೂ ಇದೇ ವರ್ಷಕ್ಕೆ ಸೇರುತ್ತದೆ, ಹೆಚ್ಚಿನವರು ಎಡವುವುದು ಇಲ್ಲೇ. ಆದ್ದರಿಂದ ಅಕ್ಟೋಬರ್ 14 ಅಥವಾ ಆಮೇಲೆ ಇಳಿದರೆ 2026-27ಕ್ಕೆ ನೀವು ಅನಿವಾಸಿ. ಇಳಿದ ದಿನ, ಹೊರಟ ದಿನ ಎರಡನ್ನೂ ಎಣಿಸಿ. ಇಳಿದ ದಿನವನ್ನು ಬಿಟ್ಟ ನ್ಯಾಯಮಂಡಳಿ ತೀರ್ಪುಗಳಿವೆ, ಆದರೆ ಒಂದು ದಿನಕ್ಕಾಗಿ ಇಲಾಖೆ ಜೊತೆ ಜಟಾಪಟಿ ಯಾಕೆ? ಒಂದು ವಾರ ಕೈಯಲ್ಲಿಟ್ಟುಕೊಂಡು ಟಿಕೆಟ್ ತೆಗೆಯಿರಿ.

ರೆಸಿಡೆಂಟ್ ಆದ ತಕ್ಷಣ ಹೊರದೇಶದ ಆದಾಯಕ್ಕೆ ತೆರಿಗೆ ಅನ್ನುವುದೂ ತಪ್ಪು. ನಡುವೆ ಆರ್‌ಎನ್‌ಒಆರ್ (ನಿವಾಸಿ, ಆದರೆ ಸಾಮಾನ್ಯ ನಿವಾಸಿಯಲ್ಲ) ಅನ್ನುವ ಹಂತ ಇದೆ, ಆಗ ಹೊರದೇಶದ ಆದಾಯಕ್ಕೆ ಸಾಮಾನ್ಯವಾಗಿ ಇಲ್ಲಿ ತೆರಿಗೆ ಇಲ್ಲ. ಅದು ಸಿಗುವುದು ಇವರಿಗೆ: ಹಿಂದಿನ 10 ವರ್ಷಗಳಲ್ಲಿ 9 ವರ್ಷ ಅನಿವಾಸಿ, ಇಲ್ಲವೇ ಹಿಂದಿನ 7 ವರ್ಷಗಳಲ್ಲಿ 729 ದಿನ ಮೀರದೆ ಇಲ್ಲಿದ್ದವರು. ಎರಡರಲ್ಲಿ ಒಂದಿದ್ದರೂ ಸಾಕು.

ಅಕ್ಟೋಬರ್ ಕೊನೆಗೆ ಬಂದರೆ 2026-27 ಅನಿವಾಸಿ, 2027-28 ಮತ್ತು 2028-29 ಆರ್‌ಎನ್‌ಒಆರ್. ಆಗಸ್ಟ್ 1ಕ್ಕೆ ಬಂದರೆ 2026-27, 2027-28 ಆರ್‌ಎನ್‌ಒಆರ್. ಮೂರನೇ ವರ್ಷಕ್ಕೆ 9 ವರ್ಷದ ಷರತ್ತು ತಪ್ಪಿಹೋಗಿ 729ರ ಲೆಕ್ಕಕ್ಕೆ ಬರುತ್ತೀರಿ: 243 (ಆಗಸ್ಟ್ 1ರಿಂದ ಮಾರ್ಚ್ 31) + 12 (ಮೇ) + 366 (ಪೂರ್ತಿ 2027-28) = 621. ಉಳಿಯುವುದು 108 ದಿನ. ಅದಕ್ಕೂ ಹಿಂದಿನ ಐದು ವರ್ಷದ ಭೇಟಿಗಳು ಅದರೊಳಗೆ ಹಿಡಿಯಬೇಕು, 2023ರ ನಾಲ್ಕು ತಿಂಗಳೊಂದೇ ಅದನ್ನು ತಿಂದುಹಾಕುತ್ತದೆ. ಅಂದರೆ ಆಗಸ್ಟ್‌ಗೆ ಬಂದರೆ ಪೂರ್ತಿ ಒಂದು ವರ್ಷ ಕಳೆದುಕೊಳ್ಳುತ್ತೀರಿ. ಫೆಬ್ರವರಿವರೆಗೆ ಕಾದರೆ ಹೆಚ್ಚಿಗೆ ಸಿಗುವುದು ಏನೂ ಇಲ್ಲ.

ಖಾತೆಕೀರ್ದಿ:
ಮೇಲಿನ ಲೆಕ್ಕ ಸರಿ. ಆದರೆ ಅದು ಎನ್‌ಆರ್‌ಇ ಎಫ್‌ಡಿಯನ್ನು ಉಳಿಸುವುದಿಲ್ಲ. ಆ ಬಡ್ಡಿಯ ತೆರಿಗೆ ವಿನಾಯಿತಿ ನಿಂತಿರುವುದು ಫೆಮಾ (ವಿದೇಶಿ ವಿನಿಮಯ ಕಾಯ್ದೆ) ಪ್ರಕಾರದ ಸ್ಥಾನಮಾನದ ಮೇಲೆ. ಇಲ್ಲಿ ಖಾಯಂ ಆಗಿ ನೆಲೆಸಲು ಬಂದವರು ಫೆಮಾ ಲೆಕ್ಕದಲ್ಲಿ ಬಂದ ದಿನದಿಂದಲೇ ನಿವಾಸಿ. ಬ್ಯಾಂಕಿಗೆ ತಿಳಿಸಿ ಎನ್‌ಆರ್‌ಇಯನ್ನು ರೆಸಿಡೆಂಟ್ ಖಾತೆಗೋ ಆರ್‌ಎಫ್‌ಸಿಗೋ (ವಾಪಸ್ ಬಂದವರ ವಿದೇಶಿ ಕರೆನ್ಸಿ ಖಾತೆ) ಬದಲಿಸಿ. ಎಫ್‌ಸಿಎನ್‌ಆರ್ (ಅನಿವಾಸಿಗಳ ವಿದೇಶಿ ಕರೆನ್ಸಿ) ಠೇವಣಿ ಇದ್ದರೆ ಅವಧಿ ಮುಗಿಯುವವರೆಗೆ ಹಾಗೇ ಇರಬಹುದು. ಆರ್‌ಎಫ್‌ಸಿ, ಎಫ್‌ಸಿಎನ್‌ಆರ್ ಬಡ್ಡಿಗೆ ಆರ್‌ಎನ್‌ಒಆರ್ ಇರುವಷ್ಟು ದಿನ ತೆರಿಗೆ ಇಲ್ಲ.

ಇಲ್ಲಿ ಕೂತು ದುಡಿದ ಸಂಬಳ ಡಾಲರ್‌ನಲ್ಲಿ ಅಲ್ಲಿನ ಬ್ಯಾಂಕಿಗೇ ಬಿದ್ದರೂ ಭಾರತದ ಆದಾಯ. ಅನಿವಾಸಿಯಾಗಿದ್ದರೂ ಮೊದಲ ದಿನದಿಂದ ತೆರಿಗೆ. ಅಲ್ಲಿನ ಕಂಪನಿ ಇಲ್ಲಿ ಟಿಡಿಎಸ್ ಹಿಡಿಯದಿದ್ದರೆ ಮುಂಗಡ ತೆರಿಗೆ ನೀವೇ ಕಟ್ಟಬೇಕು: ಡಿಸೆಂಬರ್ 15ರೊಳಗೆ 75%, ಮಾರ್ಚ್ 15ರೊಳಗೆ ಪೂರ್ತಿ. ಅಮೆರಿಕದ ಕಡಿತವೂ ನಡೆಯುತ್ತಿದ್ದರೆ ಪೇರೋಲ್‌ನವರಿಗೆ ಹೇಳಿ ನಿಲ್ಲಿಸಿ, ಇಲ್ಲದಿದ್ದರೆ ರೀಫಂಡ್‌ಗಾಗಿ ಅಲ್ಲಿನ ರಿಟರ್ನ್ ತನಕ ಕಾಯಬೇಕು. ಆರ್‌ಎಸ್‌ಯು (ಕಂಪನಿ ಸಂಬಳದ ಭಾಗವಾಗಿ ಕೊಡುವ ಷೇರು) ಇದ್ದರೆ ಇಲ್ಲಿ ಕೆಲಸ ಮಾಡಿದ ಅವಧಿಯ ಪಾಲು ಇಲ್ಲಿನದು.

ಇನ್ನೊಂದು: ಹೊರಗಿನ ಹಣ ಮೊದಲು ಅಲ್ಲಿನ ಖಾತೆಗೆ ಬರಲಿ, ಆಮೇಲೆ ಇಲ್ಲಿಗೆ ಕಳಿಸಿ. ನೇರವಾಗಿ ಇಲ್ಲಿನ ಖಾತೆಗೆ ಜಮಾ ಆದರೆ "ಭಾರತದಲ್ಲಿ ಸ್ವೀಕರಿಸಿದ ಆದಾಯ" ಅಂತ ಸಿಕ್ಕಿಹಾಕಿಕೊಳ್ಳುತ್ತದೆ.

ತುಂಗೆಯಾಚೆ:
ಹಾಗಾದರೆ ಅಕ್ಟೋಬರ್ ಕೊನೆಗೇ ಟಿಕೆಟ್. ಷೇರು ಮಾರಿಬಿಡಬೇಕಾ?

ದಿನಗಣತಿ:
ಮಾರಲೇಬೇಕು ಅಂತಿಲ್ಲ, ಬೆಲೆ ಏರಿರುವುದನ್ನು ಮಾರಿ ಮತ್ತೆ ಕೊಳ್ಳಿ. ಅಮೆರಿಕದ ಲೆಕ್ಕ ಕ್ಯಾಲೆಂಡರ್ ವರ್ಷದ್ದು, 2026ಕ್ಕೆ ನೀವು ಅರ್ಧ ನಿವಾಸಿ, ಅರ್ಧ ಅನಿವಾಸಿ. ಹಾಗಾಗಿ 2027ರ ಜನವರಿಯಿಂದ 2029ರ ಮಾರ್ಚ್ 31ರೊಳಗೆ ಮಾಡಿ. ಆಗ ಷೇರಿನ ಲಾಭಕ್ಕೆ ಅಲ್ಲೂ ತೆರಿಗೆ ಇಲ್ಲ, ಇಲ್ಲೂ ಇಲ್ಲ. ಹಾಗೆ ಮಾಡದಿದ್ದರೆ ಮುಂದೆ ಇಲ್ಲಿ ಮಾರಿದಾಗ ಹಳೇ ಖರೀದಿ ಬೆಲೆಯಿಂದಲೇ ಲಾಭ ಎಣಿಸುತ್ತಾರೆ. ಬ್ರೋಕರ್‌ಗೆ ಡಬ್ಲ್ಯು-8ಬೆನ್ (ಅಲ್ಲಿನ ತೆರಿಗೆಗೆ ಅನಿವಾಸಿ ಅನ್ನುವ ಫಾರಂ) ಕೊಟ್ಟರೆ ಡಿವಿಡೆಂಡ್ ಮೇಲೆ 30% ಬದಲು ಭಾರತ-ಅಮೆರಿಕ ತೆರಿಗೆ ಒಪ್ಪಂದದ 25% ಹಿಡಿಯುತ್ತಾರೆ.

ಅಮೆರಿಕದ ಷೇರು ಬಹಳ ಇಟ್ಟುಕೊಳ್ಳುವುದಾದರೆ ಎಸ್ಟೇಟ್ ತೆರಿಗೆ ನೆನಪಿರಲಿ: ಅಲ್ಲಿ ನೆಲೆಸಿರದ ವಿದೇಶಿಯರು ತೀರಿಕೊಂಡಾಗ ವಿನಾಯಿತಿ 60,000 ಡಾಲರ್ ಅಷ್ಟೇ.

ಖಾತೆಕೀರ್ದಿ:
401(ಕೆ)ಗೆ ಅವಸರ ಬೇಡ. 59½ ವಯಸ್ಸಿಗೆ ಮೊದಲು ತೆಗೆದರೆ ಸಾಮಾನ್ಯವಾಗಿ 10% ದಂಡ. ಹಳೇ ಕಾಯ್ದೆಯ 89ಎ ಕಲಂನಂತೆ, ಹಣ ತೆಗೆದ ವರ್ಷವೇ ಇಲ್ಲಿ ತೆರಿಗೆ ಕಟ್ಟುವ ಆಯ್ಕೆ ಅಮೆರಿಕದ ನಿವೃತ್ತಿ ಖಾತೆಗಳಿಗಿದೆ. ಆ ಆಯ್ಕೆಯ ಫಾರಂ ಇಲ್ಲಿನ ರಿಟರ್ನ್ ಗಡುವಿನೊಳಗೇ ಹಾಕಬೇಕು.

ಆರ್‌ಎನ್‌ಒಆರ್ ಮುಗಿದ ಮೇಲೆ, ಅಂದರೆ 2029-30ರಿಂದ, ರಿಟರ್ನ್‌ನಲ್ಲಿ ಷೆಡ್ಯೂಲ್ ಎಫ್‌ಎ (ವಿದೇಶಿ ಆಸ್ತಿ ಪಟ್ಟಿ) ಕಡ್ಡಾಯ. ಹೊರಗಿನ ಖಾತೆ, ಷೇರು, 401(ಕೆ) ಎಲ್ಲ ಬರೆಯಬೇಕು, ಲೆಕ್ಕ ಕ್ಯಾಲೆಂಡರ್ ವರ್ಷದ್ದು. ಬಿಟ್ಟರೆ 10 ಲಕ್ಷ ರೂಪಾಯಿ ದಂಡ ಹಾಕಬಹುದು. ಸ್ಥಿರಾಸ್ತಿ ಬಿಟ್ಟು ಉಳಿದವು ಒಟ್ಟು 20 ಲಕ್ಷ ಮೀರದಿದ್ದರೆ ಆ ದಂಡವಿಲ್ಲ, ಆದರೂ ಬರೆಯಿರಿ. ಹಳೇ ಪಾಸ್‌ಪೋರ್ಟ್‌ಗಳ ಮೊಹರು ಬಿದ್ದ ಎಲ್ಲ ಪುಟ ಈಗಲೇ ಸ್ಕ್ಯಾನ್ ಮಾಡಿಡಿ, ಆರ್‌ಎನ್‌ಒಆರ್ ಪ್ರಶ್ನೆ ಬಂದಾಗ ಕೇಳುವುದು ಅವನ್ನೇ.